ಪರ್ಮಿಟ್ ನಿಮ್ಮ ಹೆಸರಲ್ಲೇ ಇರಲಿ

ಪ್ರಶ್ನೆ: ನನಗೆ 26 ವರ್ಷ. ಊರು ರಾಣೆಬೆನ್ನೂರು. ಜರ್ಮನಿಯ ಮ್ಯಾಗ್ಡೆಬರ್ಗ್‌ನಲ್ಲಿ ಡೇಟಾ ಎಂಜಿನಿಯರಿಂಗ್ ಓದಿದ್ದೇನೆ. ಹೋದ ವಾರ ಥೀಸಿಸ್ ಫಲಿತಾಂಶ ಬಂತು, ಓದು ಮುಗಿಯಿತು. 22 ಲಕ್ಷ ಸಾಲ ಇದೆ. ಅದಕ್ಕೆ ಅಪ್ಪ ಸೈಟ್ ಅಡ ಇಟ್ಟಿದ್ದಾರೆ. ನನಗೆ ಇಲ್ಲೇ ಉಳಿದು ಕೆಲಸ ಹುಡುಕುವ ಆಸೆ. ಮನೆಯಲ್ಲಿ ‘ಓದು ಮುಗೀತಲ್ಲ, ಬಂದುಬಿಡು’ ಅಂತಿದ್ದಾರೆ. ಒಂದು ಸಂಬಂಧವೂ ಬಂದಿದೆ. ಹುಡುಗ ಮ್ಯೂನಿಕ್‌ನಲ್ಲಿ ಐಟಿ ಕೆಲಸದಲ್ಲಿದ್ದಾನೆ. ‘ಅವನನ್ನು ಮದುವೆಯಾದರೆ ಜರ್ಮನಿಯಲ್ಲೇ ಇರ್ತೀಯಲ್ಲ, ವೀಸಾ ತಲೆನೋವೂ ಇರಲ್ಲ’ ಅಂತ ಅಣ್ಣನ ಮಾತು. ಉಳಿದರೆ ಸ್ವಾರ್ಥಿ ಅನಿಸುತ್ತೆ. ಹೋದರೆ ಮತ್ತೆ ಬರೋಕಾಗಲ್ಲ ಅನಿಸುತ್ತೆ. ಏನು ಮಾಡಲಿ ಮೇಡಂ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೆಲಸ, ಮದುವೆ, ಸಾಲ ಮೂರೂ ಒಂದೇ ಗಂಟಿನಲ್ಲಿ ಸೇರಿಕೊಂಡಿವೆ. ಮೊದಲು ಅವನ್ನು ಬಿಡಿಸಿಕೊಳ್ಳೋಣ. ಈ ಮೂರರಲ್ಲಿ ಯಾವುದಕ್ಕೂ ಈ ತಿಂಗಳೇ ತೀರ್ಮಾನ ಹೇಳಬೇಕಾಗಿಲ್ಲ. ಈ ತಿಂಗಳು ಆಗಲೇಬೇಕಾದ ಕೆಲಸ ಒಂದೇ. ನಿಮ್ಮ ಸ್ಟೂಡೆಂಟ್ ಪರ್ಮಿಟ್‌ನ, ಅಂದರೆ ಓದಲು ಇಲ್ಲಿರಲು ಕೊಟ್ಟ ಅನುಮತಿಯ, ಅವಧಿ ಮುಗಿಯುವ ಮೊದಲು ಕೆಲಸ ಹುಡುಕುವ ಪರ್ಮಿಟ್‌ಗೆ ಅರ್ಜಿ ಹಾಕುವುದು.

ನಾನೂ 2007ರಲ್ಲಿ ಜರ್ಮನಿಗೆ ಓದಲು ಬಂದು ಇಲ್ಲೇ ಉಳಿದವಳು. 2009ರಲ್ಲಿ ಓದು ಮುಗಿಸಿದಾಗ ಕೆಲಸ ಹುಡುಕಲು ಕೊಡುತ್ತಿದ್ದುದು ಒಂದೇ ವರ್ಷ. 2012ರ ಆಗಸ್ಟ್‌ನಿಂದ ಅದು 18 ತಿಂಗಳಾಯಿತು. ಈ 18 ತಿಂಗಳಲ್ಲಿ ನೀವು ಯಾವ ಕೆಲಸ ಬೇಕಾದರೂ ಮಾಡಬಹುದು, ಎಷ್ಟು ಗಂಟೆ ಬೇಕಾದರೂ ಮಾಡಬಹುದು. ಬೇಕರಿಯಲ್ಲಿ ನಿಲ್ಲಬಹುದು, ಗೋದಾಮಿನಲ್ಲಿ ಪ್ಯಾಕಿಂಗ್ ಮಾಡಬಹುದು. ವಿದ್ಯಾರ್ಥಿಯಾಗಿದ್ದಾಗಿನ ವರ್ಷಕ್ಕೆ 140 ದಿನದ ಲೆಕ್ಕ ಇನ್ನಿಲ್ಲ. ಆದರೆ ಈ ಪರ್ಮಿಟ್ ಇಲ್ಲೇ ಇದ್ದು, ಓದಿನ ಬೆನ್ನಿಗೇ ಕೇಳಿದವರಿಗೆ. ಅದನ್ನು ಮುಂದಕ್ಕೆ ಎಳೆಯಲೂ ಬರುವುದಿಲ್ಲ. ಫಲಿತಾಂಶ ಬಂದ ದಿನದಿಂದಲೇ ತಿಂಗಳು ಎಣಿಸುವ ಕಚೇರಿಗಳೂ ಇವೆ. ಅಂದರೆ ನಿಮ್ಮ ಗಡಿಯಾರ ಆಗಲೇ ಓಡುತ್ತಿದೆ ಅಂತಲೇ ತಿಳಿಯಿರಿ.

‘ಹೋದರೆ ಮತ್ತೆ ಬರೋಕಾಗಲ್ಲ’ ಅಂತ ಬರೆದಿದ್ದೀರಿ. ಕಾನೂನಿನ ಪ್ರಕಾರ ಅದು ಪೂರ್ತಿ ನಿಜ ಅಲ್ಲ. ಊರಿಗೆ ಹೋದ ಮೇಲೂ ಇಲ್ಲಿಯ ಕಂಪನಿಯ ಆಫರ್ ಸಿಕ್ಕರೆ ಕೆಲಸದ ವೀಸಾಕ್ಕೆ ಅರ್ಜಿ ಹಾಕಬಹುದು. ಬೆಂಗಳೂರಿನಲ್ಲೇ ಜರ್ಮನ್ ಕಾನ್ಸುಲೇಟ್ ಇದೆ. 2024ರ ಜೂನ್‌ನಿಂದ ಚಾನ್ಸೆನ್‌ಕಾರ್ಟೆ ಅಂತ ಒಂದು ಕಾರ್ಡೂ ಬಂದಿದೆ. ಅದರಲ್ಲಿ ಒಂದು ವರ್ಷ ಇಲ್ಲಿದ್ದು ಕೆಲಸ ಹುಡುಕಬಹುದು. ಆದರೆ ಆ ಒಂದು ವರ್ಷದಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಈಗ ನಿಮಗೆ ಸುಲಭವಾಗಿ ಸಿಗುವ 18 ತಿಂಗಳ ಪೂರ್ತಿ ದುಡಿಮೆಯ ಪಕ್ಕದಲ್ಲಿ ಅದನ್ನಿಟ್ಟು ನೋಡಿ.

ಕಾನೂನು ಬಾಗಿಲು ತೆರೆದಿಟ್ಟಿದ್ದರೂ ಮನೆ ಬಿಡಬೇಕಲ್ಲ. ನಿಮಗೆ ಇರುವ ಭಯ ಅದೇ ಅಂತ ನನಗೆ ಅನಿಸುತ್ತೆ. ಆ ಭಯ ಸುಳ್ಳಲ್ಲ. ಹಾಸನದ ಕಡೆಯ ಒಬ್ಬ ಹುಡುಗಿ ಕೆಲವು ವರ್ಷದ ಹಿಂದೆ ನನ್ನ ಹತ್ತಿರ ಬಂದಿದ್ದಳು. ಓದು ಮುಗಿದಿತ್ತು, ಎರಡು ಇಂಟರ್‌ವ್ಯೂ ಚೆನ್ನಾಗಿ ಆಗಿದ್ದವು. ‘ಅಕ್ಕ, ಮೂರು ವಾರ ಊರಿಗೆ ಹೋಗಿ ಬರ್ತೀನಿ, ಅಮ್ಮಂಗೆ ಸಮಾಧಾನ ಆಗುತ್ತೆ’ ಅಂದಳು. ರೂಮ್ ಖಾಲಿ ಮಾಡಿ ಸೂಟ್‌ಕೇಸ್ ನಮ್ಮ ಮನೆಯಲ್ಲಿ ಇಟ್ಟು ಹೋದಳು. ಕೆಂಪು ಬಣ್ಣದ ದೊಡ್ಡ ಸೂಟ್‌ಕೇಸ್. ಅದರೊಳಗೆ ಚಳಿಗಾಲದ ಕೋಟು, ಬೂಟು, ಒಂದು ಸಣ್ಣ ಕುಕ್ಕರ್. ಮೂರು ವಾರ ಮೂರು ತಿಂಗಳಾಯಿತು. ಮೊದಲು ಅಜ್ಜಿಗೆ ಹುಷಾರಿಲ್ಲ, ಆಮೇಲೆ ಹುಡುಗನ ಕಡೆಯವರು ನೋಡಲು ಬರುತ್ತಾರೆ, ಆಮೇಲೆ ಆಷಾಢ ಕಳೆಯಲಿ. ಪರ್ಮಿಟ್ ಹೊಂದಿದವರು ಆರು ತಿಂಗಳಿಗಿಂತ ಜಾಸ್ತಿ ಜರ್ಮನಿಯಿಂದ ಹೊರಗಿದ್ದರೆ ಪರ್ಮಿಟ್ ಬಿದ್ದುಹೋಗುತ್ತೆ. ಅವಳದ್ದು ಹಾಗೇ ಬಿತ್ತು. ಯಾರೂ ಅವಳನ್ನು ಕೂಡಿ ಹಾಕಲಿಲ್ಲ. ಯಾರೂ ಕೆಟ್ಟವರೂ ಅಲ್ಲ. ಪ್ರತಿ ಸಲವೂ ಕಾರಣ ನಿಜವೇ ಆಗಿತ್ತು. ಎರಡು ವರ್ಷದ ನಂತರ ಅವಳ ಸ್ನೇಹಿತೆಯೊಬ್ಬಳು ಬಂದು ಸೂಟ್‌ಕೇಸ್ ತೆಗೆದುಕೊಂಡು ಹೋದಳು.

ಇದನ್ನು ಹೆದರಿಸಲು ಹೇಳುತ್ತಿಲ್ಲ. ನೀವು ಊರಿಗೆ ಹೋಗಿ ಬನ್ನಿ, ಖಂಡಿತ ಹೋಗಿ. ಆದರೆ ಮೊದಲು ಅರ್ಜಿ ಹಾಕಿ, ವಾಪಸ್ ಟಿಕೆಟ್ ಮಾಡಿಸಿ, ಆಮೇಲೆ ಹೋಗಿ. ಅರ್ಜಿ ಹಾಕಿದ ಮೇಲೆ ಹೊಸ ಕಾರ್ಡ್ ಕೈಗೆ ಬರುವವರೆಗೆ ಫಿಕ್ಷನ್ಸ್‌ಬೆಶೈನಿಗುಂಗ್ ಅನ್ನುವ ಕಾಗದ ಕೊಡುತ್ತಾರೆ. ಅದರ ಒಳಪುಟದಲ್ಲಿ ಸಣ್ಣ ಚೌಕಗಳಿರುತ್ತವೆ. ವಿದೇಶಿಯರ ವಾಸದ ಕಾನೂನಿನ ಕಲಂ 81ರ 4ನೇ ಉಪಕಲಮಿನ ಚೌಕಕ್ಕೆ ಗುರುತು ಬಿದ್ದಿದ್ದರೆ ಹೋಗಿ ವಾಪಸ್ ಬರಬಹುದು. 3ನೆಯದಕ್ಕೆ ಬಿದ್ದಿದ್ದರೆ ಬರಲಾಗುವುದಿಲ್ಲ. ನಿಮ್ಮ ಹಳೆಯ ಪರ್ಮಿಟ್ ಇನ್ನೂ ಇರುವಾಗಲೇ ಅರ್ಜಿ ಹಾಕಿದರೆ ಸಾಮಾನ್ಯವಾಗಿ 4ನೆಯದೇ ಬರುತ್ತೆ. ಆದರೂ ಕಣ್ಣಾರೆ ನೋಡಿ, ಆಮೇಲೆ ವಿಮಾನ ಹತ್ತಿ.

ಈಗ ಅಣ್ಣನ ಮಾತಿಗೆ ಬರೋಣ. ನಾನು ಎಲ್ಲಕ್ಕಿಂತ ಜಾಸ್ತಿ ಹೇಳಬೇಕಾದ್ದು ಇಲ್ಲೇ.

ಮ್ಯೂನಿಕ್ ಹುಡುಗನನ್ನು ಮದುವೆಯಾದರೆ ನಿಮಗೆ ಗಂಡನ ಮೇಲಿನ ಪರ್ಮಿಟ್ ಸಿಗಬಹುದು. ಸಂಬಳದ ಮಿತಿ ಇಲ್ಲ, ಆಫರ್ ಲೆಟರ್ ಬೇಕಿಲ್ಲ, ಕೆಲಸ ಮಾಡಲೂ ಅನುಮತಿ ಇರುತ್ತೆ. ನೋಡಲು ಸುಲಭದ ದಾರಿ. ಆದರೆ ಆ ಪರ್ಮಿಟ್ ನಿಂತಿರುವುದು ಮದುವೆಯ ಮೇಲೆ. ಇಬ್ಬರೂ ಜರ್ಮನಿಯಲ್ಲಿ ಮೂರು ವರ್ಷ ಒಟ್ಟಿಗೆ ಸಂಸಾರ ಮಾಡಿದ ಮೇಲಷ್ಟೇ ನಿಮಗೆ ಸ್ವಂತ ಹಕ್ಕು ಬರುತ್ತೆ. ಅದಕ್ಕೂ ಮೊದಲೇ ಬೇರೆಯಾದರೆ ನಿಮ್ಮ ಪರ್ಮಿಟ್‌ಗೇ ಕುತ್ತು. ಹೊಡೆತ ಬಡಿತದಂಥ ಕಷ್ಟ ಇದ್ದರೆ ಕಾನೂನಿನಲ್ಲಿ ವಿನಾಯಿತಿ ಇದೆ. ಆದರೆ ಆ ಹೊತ್ತಿನಲ್ಲಿ ಅದನ್ನು ಸಾಬೀತು ಮಾಡುತ್ತಾ ಕಚೇರಿ ಅಲೆಯುವುದು ಎಷ್ಟು ಕಷ್ಟ ಅಂತ ಹತ್ತಿರದಿಂದ ನೋಡಿದ್ದೇನೆ. ಒಬ್ಬ ಹೆಣ್ಣುಮಗಳು, ಎಂ.ಟೆಕ್ ಓದಿದವಳು, ನಮ್ಮ ಅಡುಗೆಮನೆಯ ಮೇಜಿನ ಮೇಲೆ ಎರಡು ಕ್ಯಾಲೆಂಡರ್ ಹರಡಿಕೊಂಡು ಮದುವೆಯಾಗಿ ಬಂದ ದಿನದಿಂದ ತಿಂಗಳು ಎಣಿಸುತ್ತಿದ್ದಳು. ‘ಇನ್ನು ಎಂಟು ತಿಂಗಳು ತಡ್ಕೊಂಡ್ರೆ ಮೂರು ವರ್ಷ ಆಗುತ್ತೆ ಅಕ್ಕ’ ಅಂದಳು. ಅವಳು ಬೆರಳಿಟ್ಟು ಎಣಿಸುತ್ತಿದ್ದುದು ಇನ್ನೂ ಕಣ್ಣಮುಂದೆ ಇದೆ.

ಆ ಹುಡುಗ ಒಳ್ಳೆಯವನೇ ಇರಬಹುದು. ಇರಲಿ ಅಂತಲೇ ನನ್ನ ಆಸೆ. ಒಳ್ಳೆಯವನಾಗಿದ್ದರೂ ಪರ್ಮಿಟ್ ನಿಮ್ಮ ಹೆಸರಲ್ಲೇ ಇರಲಿ. ಮದುವೆಯಾದರೆ ಪರ್ಮಿಟ್ ಬದಲಿಸಲೇಬೇಕು ಅಂತ ಯಾವ ಕಾನೂನೂ ಇಲ್ಲ. ನಿಮ್ಮ 18 ತಿಂಗಳ ಪರ್ಮಿಟ್ ಮ್ಯೂನಿಕ್‌ನಲ್ಲೂ ನಡೆಯುತ್ತೆ. ಅಲ್ಲೇ ಕೆಲಸ ಹುಡುಕಿ, ಅದನ್ನೇ ಬ್ಲೂ ಕಾರ್ಡ್‌ಗೆ, ಅಂದರೆ ಪದವಿ ಓದಿದ ವಿದೇಶಿಯರಿಗೆ ಕೊಡುವ ಕೆಲಸದ ಪರ್ಮಿಟ್‌ಗೆ, ಬದಲಿಸಿಕೊಳ್ಳಿ.

ಇದರಲ್ಲಿ ಇನ್ನೊಂದು ಲೆಕ್ಕವೂ ಇದೆ. ಇಲ್ಲಿಯ ಯೂನಿವರ್ಸಿಟಿಯಲ್ಲಿ ಓದಿದವರಿಗೆ ಕಾಯಂ ಪರ್ಮಿಟ್ ಬೇಗ ಸಿಗುತ್ತೆ. ನುರಿತ ಕೆಲಸಗಾರರ ಪರ್ಮಿಟ್‌ನಲ್ಲಿ ಎರಡು ವರ್ಷ, 24 ತಿಂಗಳ ಪಿಂಚಣಿ ಕಂತು, ಬಿ1 ಅಂದರೆ ಮಧ್ಯಮ ಮಟ್ಟದ ಜರ್ಮನ್ ಇದ್ದರೆ ಸಾಕು. ಬ್ಲೂ ಕಾರ್ಡ್ ಇದ್ದು ಬಿ1 ಕೂಡ ಇದ್ದರೆ 21 ತಿಂಗಳಿಗೇ ಕೇಳಬಹುದು. ಗಂಡನ ಮೇಲಿನ ಪರ್ಮಿಟ್‌ನಲ್ಲಿ ಕಳೆದ ಕಾಲ ಈ ಲೆಕ್ಕಕ್ಕೆ ಬರುವುದಿಲ್ಲ. ಎರಡು ವರ್ಷ ಚಳಿಯಲ್ಲಿ ಓದಿ ಗಳಿಸಿದ್ದನ್ನು ಸುಮ್ನೆ ಬಿಟ್ಟುಕೊಡುವುದು ಯಾಕೆ?

ಬ್ಲೂ ಕಾರ್ಡ್‌ಗೆ ಸಂಬಳದ ಮಿತಿ ಇದೆ. 2026ಕ್ಕೆ ಅದು ವರ್ಷಕ್ಕೆ 50,700 ಯೂರೋ. ಆದರೆ ಪದವಿ ಮುಗಿದು ಮೂರು ವರ್ಷ ಆಗದವರಿಗೆ, ಐಟಿಯಂಥ ಕೆಲಸಗಳಿಗೆ 45,934.20 ಯೂರೋ ಸಾಕು. ನಿಮಗೆ ಈ ಕಡಿಮೆ ಮಿತಿಯೇ ಅನ್ವಯ. ಪ್ರತಿ ಜನವರಿಗೆ ಇದು ಬದಲಾಗುತ್ತೆ, ಒಪ್ಪಂದಕ್ಕೆ ಸಹಿ ಹಾಕುವಾಗ ನೋಡಿಕೊಳ್ಳಿ. ಸಂಬಳ ಅದಕ್ಕಿಂತ ಸ್ವಲ್ಪ ಕಡಿಮೆ ಬಂದರೂ ಗಾಬರಿ ಬೇಡ. ಓದಿಗೆ ತಕ್ಕ ಕೆಲಸವಾದರೆ ಸಾಮಾನ್ಯ ಕೆಲಸದ ಪರ್ಮಿಟ್ ಸಿಗುತ್ತೆ.

ಮದುವೆಯಾದ ಮೇಲೆ ಇಲ್ಲಿ ಇನ್ನೊಂದು ಕಡೆ ಹೆಣ್ಣುಮಕ್ಕಳು ಗೊತ್ತಿಲ್ಲದೆ ಸೋಲುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. ಗಂಡ ಹೆಂಡತಿಗೆ ತೆರಿಗೆಯ ಕ್ಲಾಸ್ ಅಂತ ಇರುತ್ತೆ. ತಿಂಗಳ ಸಂಬಳದಲ್ಲಿ ಎಷ್ಟು ತೆರಿಗೆ ಹಿಡಿಯಬೇಕು ಅನ್ನುವುದು ಅದರ ಮೇಲೆ ನಿಂತಿದೆ. ಇಬ್ಬರೂ ನಾಲ್ಕರಲ್ಲಿ ಇರಬಹುದು, ಇಲ್ಲವೇ ಒಬ್ಬರು ಮೂರು, ಒಬ್ಬರು ಐದು. ‘ಮನೆಗೆ ತಿಂಗಳಿಗೆ ಜಾಸ್ತಿ ದುಡ್ಡು ಬರುತ್ತೆ’ ಅಂತ ಗಂಡ ಮೂರು, ಹೆಂಡತಿ ಐದು ಮಾಡಿಕೊಳ್ಳುವುದು ಇಲ್ಲಿ ರೂಢಿ. ಐದರಲ್ಲಿ ಇರುವವರ ಕೈಗೆ ಬರುವ ಸಂಬಳ ತುಂಬಾ ಕಡಿಮೆ. ಹೆರಿಗೆಯ ನಂತರ ಸರ್ಕಾರ ಕೊಡುವ ಎಲ್ಟರ್ನ್‌ಗೆಲ್ಡ್ ಕೈಗೆ ಬರುವ ಸಂಬಳದ ಸುಮಾರು 65 ಶೇಕಡಾ. ಕೆಲಸ ಹೋದರೆ ಕೊಡುವ ಭತ್ಯೆಯ ಲೆಕ್ಕವೂ ಹಾಗೇ. ಅಂದರೆ ಐದಕ್ಕೆ ಹೋದವಳಿಗೆ ಬೇಕಾದ ಹೊತ್ತಿನಲ್ಲೇ ಕಡಿಮೆ ಸಿಗುತ್ತೆ. ನಾಲ್ಕು-ನಾಲ್ಕರಲ್ಲೇ ಇರಿ. ವರ್ಷದ ಕೊನೆಗೆ ಒಟ್ಟು ತೆರಿಗೆ ಒಂದೇ ಆಗುತ್ತೆ.

ಹೆಣ್ಣು ಅಂತ ಕೆಲಸ ಸಿಗದೆ ಹೋದೀತೇ ಅನ್ನುವ ಅಳುಕಿದ್ದರೆ ಒಂದು ಮಾತು. ಗರ್ಭಿಣಿಯಾ, ಮಕ್ಕಳು ಯಾವಾಗ ಅಂತ ಇಂಟರ್‌ವ್ಯೂನಲ್ಲಿ ಕೇಳುವಂತಿಲ್ಲ. ಕೇಳಿದರೆ ನಿಜ ಹೇಳಬೇಕಾಗಿಲ್ಲ, ಇಲ್ಲಿಯ ಕೋರ್ಟ್‌ಗಳೇ ಹಾಗೆ ಹೇಳಿವೆ. ಹೆರಿಗೆಗೆ ಮುಂಚೆ ಆರು ವಾರ, ಆಮೇಲೆ ಎಂಟು ವಾರ ರಜೆ. ಗರ್ಭಿಣಿಯನ್ನು ಕೆಲಸದಿಂದ ತೆಗೆಯದಂತೆ ರಕ್ಷಣೆ ಇದೆ. ಮೊದಲ ಆರು ತಿಂಗಳ ಪ್ರೊಬೇಷನ್‌ನಲ್ಲೂ ಅದು ಅನ್ವಯಿಸುತ್ತೆ.

ಇನ್ನು ‘ಸ್ವಾರ್ಥಿ’ ಅನ್ನುವ ಮಾತು. ಆ ಮಾತು ಓದಿ ನನಗೆ ನೋವಾಯಿತು.

ಇಲ್ಲಿ ಉಳಿಯುವ ಹೆಣ್ಣುಮಕ್ಕಳು ಮನೆಗೆ ಹೇಳುವ ಕಾರಣ ಒಂದು, ನನಗೆ ಹೇಳುವ ಕಾರಣ ಇನ್ನೊಂದು. ಮನೆಗೆ ಹೇಳುವುದು ಸಂಬಳ, ಅನುಭವ, ಸಾಲ. ನನ್ನ ಹತ್ತಿರ ಕೂತು ಚಹಾ ಕುಡಿಯುತ್ತಾ ಹೇಳುವುದು ಬೇರೆ. ರಾತ್ರಿ ಹನ್ನೊಂದಕ್ಕೆ ಲ್ಯಾಬ್ ಮುಗಿಸಿ ಒಬ್ಬಳೇ ಟ್ರಾಮ್‌ನಲ್ಲಿ ಬಂದೆ, ಯಾರೂ ಫೋನ್ ಮಾಡಿ ಎಲ್ಲಿದ್ದೀಯಾ ಅನ್ನಲಿಲ್ಲ. ಭಾನುವಾರ ಹತ್ತಕ್ಕೆ ಎದ್ದೆ. ಸೈಕಲ್ ಕಲಿತೆ. ನನ್ನ ದುಡ್ಡಲ್ಲಿ ನಾನೇ ಒಂದು ಕುರ್ಚಿ ತಂದೆ, ಬಣ್ಣ ನಾನೇ ಆರಿಸಿದೆ. ಇಷ್ಟು ಸಣ್ಣ ವಿಷಯಗಳು. ಇವನ್ನು ಅಪ್ಪ ಅವ್ವನಿಗೆ ಹೇಳಲು ಬಾಯಿ ಬರುವುದಿಲ್ಲ. ಹೇಳಿದರೆ ‘ಇಲ್ಲಿ ನಿನಗೇನು ಕಡಿಮೆ ಮಾಡಿದ್ವಿ’ ಅಂತ ಅವರಿಗೆ ನೋವಾಗುತ್ತೆ ಅಂತ ಗೊತ್ತು. ಹೇಳಲಾಗದ್ದು ಮನಸ್ಸಿನಲ್ಲೇ ಉಳಿದು ತಪ್ಪಿನಂತೆ ಕಾಡುತ್ತೆ. ಅದು ತಪ್ಪಲ್ಲ ತಾಯಿ. ನಿಮ್ಮ ಅಣ್ಣ ಊರಲ್ಲಿದ್ದುಕೊಂಡೇ ಹುಟ್ಟಿದಾಗಿನಿಂದ ಅನುಭವಿಸಿದ್ದನ್ನು ನೀವು 24ನೇ ವಯಸ್ಸಿನಲ್ಲಿ ಮೊದಲ ಸಲ ಕಂಡಿದ್ದೀರಿ, ಅಷ್ಟೇ.

ನೀವು ಒಬ್ಬರೇ ಹೀಗೆ ಯೋಚಿಸುತ್ತಿಲ್ಲ ಅಂತಲೂ ತಿಳಿದಿರಲಿ. 2015ರಲ್ಲಿ ಜರ್ಮನಿಗೆ ಓದಲು ಬಂದ ವಿದೇಶಿ ವಿದ್ಯಾರ್ಥಿಗಳಲ್ಲಿ 60 ಶೇಕಡಾಕ್ಕೂ ಜಾಸ್ತಿ ಜನ ಐದು ವರ್ಷದ ನಂತರವೂ ಇಲ್ಲೇ ಇದ್ದರು ಅಂತ ಹಲವು ದೇಶಗಳ ಆರ್ಥಿಕ ಸಹಕಾರ ಸಂಸ್ಥೆಯಾದ ಒಇಸಿಡಿಯ 2022ರ ವರದಿ ಹೇಳುತ್ತೆ.

ಸಾಲದ ವಿಷಯಕ್ಕೆ ಬಂದರೆ, ಉಳಿಯುವುದೇ ಅಪ್ಪನಿಗೆ ಮಾಡುವ ಉಪಕಾರ ಆಗಬಹುದು. 22 ಲಕ್ಷಕ್ಕೆ 11 ಶೇಕಡಾ ಬಡ್ಡಿ, ಹತ್ತು ವರ್ಷ ಅಂತ ಹಿಡಿದರೆ ಕಂತು ತಿಂಗಳಿಗೆ 30 ಸಾವಿರದ ಆಸುಪಾಸು. ಇಲ್ಲಿ ಅದು ಸುಮಾರು 300 ಯೂರೋ. ಮೊದಲ ಕೆಲಸದಲ್ಲಿ ತೆರಿಗೆ, ವಿಮೆ ಎಲ್ಲ ಕಳೆದು ಕೈಗೆ 2,500 ಯೂರೋ ಬಂದರೂ ಕಂತಿನ ಎರಡರಷ್ಟು ಕಟ್ಟಬಹುದು. ಹಾಗೆ ಕಟ್ಟಿದರೆ ನಾಲ್ಕು ವರ್ಷದೊಳಗೆ ಸೈಟಿನ ಪತ್ರ ಮನೆಗೆ ಬರುತ್ತೆ. ಬೆಂಗಳೂರಿನಲ್ಲಿ ಮೊದಲ ಸಂಬಳದಲ್ಲಿ ಪಿಜಿ ಬಾಡಿಗೆ, ಓಡಾಟ, ಊಟ ಕಳೆದು 30 ಸಾವಿರ ಕಟ್ಟುವುದು ಅನೇಕರಿಗೆ ಕಷ್ಟ. ಮದುವೆಯಾದ ಮೇಲೆ ‘ನಿನ್ನ ಸಾಲ’ ಯಾರದ್ದು ಅನ್ನುವ ಮಾತೂ ಏಳುತ್ತೆ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಅಪ್ಪನಿಗೆ ಕಳಿಸಿ. ಎಷ್ಟೋ ಅಪ್ಪಂದಿರು ಭಾವನೆಯ ಮಾತಿಗೆ ಬಗ್ಗದೆ, ಕೈಬರಹದ ಲೆಕ್ಕಕ್ಕೆ ತಲೆಯಾಡಿಸಿದ್ದಾರೆ.

ಅವ್ವನ ಭಯ ಬೇರೆ. ನೀವು ಬರೆದಿಲ್ಲ, ಆದರೆ 2024ರ ಡಿಸೆಂಬರ್ 20ರಂದು ಮ್ಯಾಗ್ಡೆಬರ್ಗ್‌ನ ಕ್ರಿಸ್‌ಮಸ್ ಮಾರುಕಟ್ಟೆಯಲ್ಲಿ ಜನರ ಮೇಲೆ ಕಾರು ನುಗ್ಗಿದ ಸುದ್ದಿ ರಾಣೆಬೆನ್ನೂರಿನ ಟಿವಿಯಲ್ಲೂ ಬಂದಿರುತ್ತೆ. ಆರು ಜನ ಸತ್ತರು, ಗಾಯಗೊಂಡವರಲ್ಲಿ ಭಾರತೀಯರೂ ಇದ್ದರು. ಅದಾದ ಮೇಲೆ ಅಲ್ಲಿ ಹೊರಗಿನವರನ್ನು ನೋಡುವ ಕಣ್ಣು ಕೆಲವು ಕಡೆ ಕಠಿಣವಾಯಿತು. ‘ಏನೂ ಆಗಲ್ಲ ಬಿಡವ್ವ’ ಅಂತ ತಳ್ಳಿಹಾಕಬೇಡಿ. ಯಾವ ಏರಿಯಾದಲ್ಲಿ ಇದ್ದೀರಿ, ಪಕ್ಕದಲ್ಲಿ ಯಾರಿದ್ದಾರೆ, ಹುಷಾರಿಲ್ಲದಿದ್ದರೆ ಯಾರು ಬರುತ್ತಾರೆ ಅಂತ ಹೇಳಿ. ವಿಡಿಯೊ ಕಾಲ್‌ನಲ್ಲಿ ಪಕ್ಕದ ರೂಮಿನ ಗೆಳತಿಯ ಮುಖ ತೋರಿಸಿ, ಅವಳ ನಂಬರ್ ಕೊಡಿ. ಮ್ಯೂನಿಕ್‌ಗೋ ಫ್ರಾಂಕ್‌ಫರ್ಟ್‌ಗೋ ಹೋದರೆ ಅಲ್ಲಿ ಸಿರಿಗನ್ನಡಕೂಟ, ರೈನ್ ಮೈನ್ ಕನ್ನಡ ಸಂಘ ಇವೆ. ಯುಗಾದಿಗೆ ಹೋಳಿಗೆ ತಿನ್ನುವಾಗ ಒಂದು ಫೋಟೊ ಕಳಿಸಿದರೆ ಅವ್ವನಿಗೆ ಹತ್ತು ಫೋನ್ ಮಾಡಿದಷ್ಟು ಸಮಾಧಾನ.

ಉಳಿಯುವುದು ಸುಲಭ ಅಂತ ನಾನು ಹೇಳಲಾರೆ. 2023, 2024 ಎರಡೂ ವರ್ಷ ಜರ್ಮನಿಯ ಆರ್ಥಿಕತೆ ಕುಗ್ಗಿತು, ಕಾರು ಕಂಪನಿಗಳು ಜನರನ್ನು ಕಡಿಮೆ ಮಾಡುತ್ತಿವೆ. ನನ್ನ ಹತ್ತಿರ ಬರುವ ಮಕ್ಕಳಲ್ಲಿ ನೂರಕ್ಕೂ ಜಾಸ್ತಿ ಅರ್ಜಿ ಹಾಕಿ, ಏಳೆಂಟು ತಿಂಗಳು ಕಾದವರು ತುಂಬಾ ಜನ. ಬೇಗ ಕೆಲಸ ಸಿಕ್ಕವರಲ್ಲಿ ಹೆಚ್ಚಿನವರಿಗೆ ಜರ್ಮನ್ ಬರುತ್ತಿತ್ತು. ನಿಮ್ಮ ಕೋರ್ಸ್ ಇಂಗ್ಲಿಷ್‌ನಲ್ಲಿ ನಡೆದಿರುತ್ತೆ, ಭಾಷೆ ಬಿ1ಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಎ2 ದಾಟಿರಲಿಕ್ಕಿಲ್ಲ ಅಂತ ನನ್ನ ಊಹೆ. ಹಾಗಿದ್ದರೆ ಮೊದಲ ನಾಲ್ಕು ತಿಂಗಳು ಅರ್ಧ ದಿನ ಭಾಷೆಗೆ, ಅರ್ಧ ದಿನ ಅರ್ಜಿಗೆ. ಬಿ1 ಪರೀಕ್ಷೆ ಪಾಸು ಮಾಡಿಕೊಳ್ಳಿ, ಅದು ಕೆಲಸಕ್ಕೂ ಬೇಕು, ಕಾಯಂ ಪರ್ಮಿಟ್‌ಗೂ ಬೇಕು. ಯೂನಿವರ್ಸಿಟಿಯಿಂದ ಹೆಸರು ತೆಗೆದ ಮೇಲೆ ವಿದ್ಯಾರ್ಥಿ ದರದ ಆರೋಗ್ಯ ವಿಮೆ ನಿಲ್ಲುತ್ತೆ, ಖರ್ಚು ಸಾಕಷ್ಟು ಏರುತ್ತೆ. ಅದಕ್ಕೆ ದುಡ್ಡು ಎತ್ತಿಡಿ.

ವಾಪಸ್ ಹೋಗುವುದು ಸೋಲು ಅಂತಲೂ ಅಂದುಕೊಳ್ಳಬೇಡಿ. ನನ್ನ ಜೊತೆ ಓದಿದವಳು ಇಲ್ಲಿ ನಾಲ್ಕು ವರ್ಷ ದುಡಿದು ಬೆಂಗಳೂರಿಗೆ ಹೋದಳು. ಬಾಷ್, ಸೀಮೆನ್ಸ್, ಎಸ್‌ಎಪಿ, ಮರ್ಸಿಡಿಸ್ ಎಲ್ಲರದ್ದೂ ಅಲ್ಲಿ ದೊಡ್ಡ ಕಚೇರಿಗಳಿವೆ. ಇಲ್ಲಿಯ ಕೆಲಸದ ಅನುಭವ, ಜರ್ಮನ್ ಭಾಷೆ ಎರಡೂ ಇದ್ದವರಿಗೆ ಅಲ್ಲಿ ಬೆಲೆ ಇದೆ. ಅವಳು ಹೋದದ್ದು ಅಪ್ಪನ ಜೊತೆ ಇರಬೇಕು ಅಂತ. ಯಾರೂ ಕರೆದಿರಲಿಲ್ಲ, ಅವಳಿಗೇ ಬೇಕಾಗಿತ್ತು. ಈಗ ಭಾನುವಾರ ಅಪ್ಪನ ಜೊತೆ ಲಾಲ್‌ಬಾಗ್‌ನಲ್ಲಿ ನಡೆಯುತ್ತಾಳೆ, ಫೋಟೊ ಕಳಿಸುತ್ತಾಳೆ. ನನಗೆ ಒಮ್ಮೊಮ್ಮೆ ಹೊಟ್ಟೆ ಉರಿಯುತ್ತೆ. ನಿಮಗೂ ಊರು ಬೇಕು ಅಂತ ನಿಜವಾಗಿ ಅನಿಸುತ್ತಿದ್ದರೆ ಹೋಗಿ. ಆದರೆ ನಿಮ್ಮ ಪತ್ರದಲ್ಲಿ ಆ ಆಸೆ ನನಗೆ ಕಾಣಲಿಲ್ಲ. ‘ಬಂದುಬಿಡು ಅಂತಿದ್ದಾರೆ’ ಅಂತ ಮಾತ್ರ ಕಂಡಿತು.

ಅದಕ್ಕೇ ನನ್ನ ಸಲಹೆ: ಉಳಿಯಿರಿ. ಜೀವನಪೂರ್ತಿ ಅಂತ ಅಲ್ಲ, ಸದ್ಯಕ್ಕೆ 18 ತಿಂಗಳು. ಮನೆಗೂ ಹಾಗೇ ಹೇಳಿ. ‘ನಾನು ಬರಲ್ಲ’ ಅಂದರೆ ಅವರಿಗೆ ಮಗಳು ಕೈತಪ್ಪಿದಳು ಅಂತ ಕೇಳಿಸುತ್ತೆ. ‘ನೋಡೋಣ’ ಅಂದರೆ ದಿನಾ ಫೋನ್ ಬರುತ್ತೆ. ತಾರೀಖು ಹೇಳಿ. ‘ಅಪ್ಪಾ, ಪರ್ಮಿಟ್ ಇಷ್ಟನೇ ತಾರೀಖಿನವರೆಗೆ ಇದೆ. ಅಲ್ಲಿವರೆಗೆ ಕೆಲಸ ಹುಡುಕ್ತೀನಿ. ಗಣೇಶನ ಹಬ್ಬಕ್ಕೆ ಎರಡು ವಾರ ಬಂದು ಹೋಗ್ತೀನಿ. ಕೆಲಸ ಸಿಗಲಿಲ್ಲ ಅಂದ್ರೆ ನಾನೇ ಟಿಕೆಟ್ ಮಾಡಿಸಿಕೊಂಡು ಬರ್ತೀನಿ.’ ಇದನ್ನು ಅಣ್ಣನ ಮೂಲಕ ಹೇಳಿಸಬೇಡಿ. ನೀವೇ ಹೇಳಿ, ಅಪ್ಪ ಊಟ ಮುಗಿಸಿ ಆರಾಮಾಗಿ ಕೂತಿರುವ ಹೊತ್ತು ನೋಡಿ ಹೇಳಿ.

ಸಂಬಂಧದ ವಿಷಯದಲ್ಲಿ ಇಲ್ಲ ಅನ್ನುವ ಅವಸರವೂ ಬೇಡ, ಹ್ಞೂಂ ಅನ್ನುವ ಅವಸರವೂ ಬೇಡ. ಹುಡುಗ ರೈಲಿನಲ್ಲಿ ಹೋಗುವಷ್ಟು ಹತ್ತಿರದಲ್ಲಿದ್ದಾನೆ. ಇಬ್ಬರೂ ಒಂದು ಸಲ ಕಾಫಿಗೆ ಸಿಗಿ. ಎರಡು ಮಾತು ನೇರವಾಗಿ ಕೇಳಿ. ‘ನಾನು ನನ್ನ ಪರ್ಮಿಟ್‌ನಲ್ಲೇ ಇರ್ತೀನಿ, ನಿಮಗೆ ಸರೀನಾ?’ ‘ನನಗೆ ಬೇರೆ ಊರಲ್ಲಿ ಕೆಲಸ ಸಿಕ್ಕರೆ ಏನು ಮಾಡೋಣ?’ ಉತ್ತರ ಏನು ಬರುತ್ತೆ ಅನ್ನುವುದರ ಜೊತೆಗೆ, ಉತ್ತರ ಕೊಡುವ ಮೊದಲು ಅವನು ಯೋಚಿಸುತ್ತಾನಾ ಅಂತಲೂ ನೋಡಿ.

ನನ್ನ ಅಮ್ಮ ಮೊದಲೆರಡು ವರ್ಷ ಪ್ರತಿ ಭಾನುವಾರ ಒಂದೇ ಮಾತು ಕೇಳುತ್ತಿದ್ದರು, ‘ಯಾವಾಗ ಬರ್ತೀಯಾ?’ ನಾನು ಅತ್ತಿದ್ದೂ ಇದೆ, ಸಿಡುಕಿದ್ದೂ ಇದೆ. ಮೂರನೇ ವರ್ಷ ದೀಪಾವಳಿ ಹತ್ತಿರ ಬಂದಾಗ ಅಮ್ಮ ಕೇಳಿದರು, ‘ಯಾವಾಗ ಬಂದು ಹೋಗ್ತೀಯಾ?’ ಆ ‘ಹೋಗ್ತೀಯಾ’ ಅವರ ಬಾಯಿಂದ ಬರಲು ಮೂರು ವರ್ಷ ಬೇಕಾಯಿತು. ನಿಮ್ಮ ಮನೆಯಲ್ಲಿ ಇನ್ನೂ ಮೊದಲ ವಾರ. ಅವರಿಗೂ ಸ್ವಲ್ಪ ಸಮಯ ಕೊಡಿ.

ಇವತ್ತೇ ಕೂತು ಪರ್ಮಿಟ್ ಕೊಡುವ ಫಾರಿನರ್ಸ್ ಆಫೀಸಿನ ವೆಬ್‌ಸೈಟ್‌ನಲ್ಲಿ ಟರ್ಮಿನ್, ಅಂದರೆ ಭೇಟಿಯ ಸಮಯ, ಹುಡುಕಿ. ಸಿಗದಿದ್ದರೆ ಇಮೇಲ್‌ನಲ್ಲೇ ಅರ್ಜಿ ಕಳಿಸಿ, ಕಳಿಸಿದ ತಾರೀಖಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಓದು ಮುಗಿದ ಪತ್ರ, ವಿಮೆಯ ಕಾಗದ, ಖರ್ಚಿಗೆ ದುಡ್ಡಿದೆ ಅಂತ ತೋರಿಸಲು ಬ್ಲಾಕ್ಡ್ ಅಕೌಂಟ್ (ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಬ್ಯಾಂಕ್ ಖಾತೆ) ಅಥವಾ ಪಾರ್ಟ್‌ಟೈಮ್ ಕೆಲಸದ ಒಪ್ಪಂದ ಬೇಕಾಗುತ್ತೆ. ಫಿಕ್ಷನ್ಸ್‌ಬೆಶೈನಿಗುಂಗ್ ಕೈಗೆ ಬಂದ ಮೇಲೆ ಯಾವ ಚೌಕಕ್ಕೆ ಗುರುತು ಬಿದ್ದಿದೆ ಅಂತ ನನಗೆ ಒಂದು ಸಾಲು ಬರೆಯಿರಿ. ಗಣೇಶನ ಹಬ್ಬದ ಟಿಕೆಟ್ ಅದಾದ ಮೇಲೆ ಮಾಡಿಸೋಣ.